ಮುರಕಲ್ಲಿನ ಹುಲ್ಲಿಗೆ ವಯಸ್ಸು ಕಟ್ಟಿದ ನನ್ನ ಅನುಭವ

"ಹುಲ್ಲು ಅರೆದು ಪಠಾರದ ಇತಿಹಾಸ ಹೇಳ್ತೀಯಾ?" ಅಂತ ಪುಣೆಯ ಹಿರಿಯರೊಬ್ಬರು ನಕ್ಕಿದ್ದರು. ಪಠಾರ ಅಂದರೆ ಬೆಟ್ಟದ ಮೇಲಿನ ಸಮತಟ್ಟು ಬಯಲು. ನಾಲ್ಕು ಮಳೆಗಾಲ ಕಳೆದವು. ಈಗ ಆ ಹುಲ್ಲಿನ ವಂಶವೃಕ್ಷ ನಿಂತಿದೆ, ಹೇಳಿಕೊಳ್ಳಲು ಧೈರ್ಯ ಬಂದಿದೆ.

ನಾನು ಕುಮಟಾ ಕಡೆಯವನು. ಸಾತಾರಾ ಪಕ್ಕದ ಕಾಸ್ ಪಠಾರ ಮೊದಲು ನೋಡಿದಾಗ ನಗು ಬಂತು. ನಮ್ಮನೆ ಬಾವಿಕಟ್ಟೆಯ ಮುರಕಲ್ಲೇ (ಕೆಂಪು ಜಂಬಿಟ್ಟಿಗೆ ಕಲ್ಲು) ಸಾವಿರದಿನ್ನೂರು ಮೀಟರ್ ಎತ್ತರದಲ್ಲಿ ಹಾಸಿಕೊಂಡಿತ್ತು! ಇಲ್ಲಿನವರು ಕಲ್ಲಿಗೆ ಜಾಂಭಾ ಅಂತಾರೆ, ಬಯಲಿಗೆ ಸಡಾ. ಹಿಂದೆ ಕಾಡಿತ್ತು, ಕೊಡಲಿ, ದನ, ಬೆಂಕಿ ಸೇರಿ ಬೋಳಾಯಿತು ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಹಾಗಾದರೆ ಸಡಾ ಬಿಟ್ಟು ಬೇರೆಲ್ಲೂ ಸಿಗದ ಇಷ್ಟೊಂದು ಗಿಡ ಎಲ್ಲಿಂದ ಬಂದವು? ಕೊಡಲಿಗೆ ಅಷ್ಟು ವಯಸ್ಸಾಗಿಲ್ಲ, ಅಲ್ವಾ?

ಉತ್ತರಕ್ಕೆ ಗ್ಲೈಫೊಕ್ಲೋವಾ ಕುಲ ಹಿಡಿದೆ. ಡಿಎನ್‌ಎ ಹೋಲಿಸಿದರೆ ಅದರ ಜಾತಿಗಳು ಯಾವಾಗ ಕವಲೊಡೆದವು ಅಂತ ಲೆಕ್ಕ ಹಾಕಬಹುದು. ಪರ್ಯಾಯ ದ್ವೀಪ ಭಾರತದ್ದೇ ಹುಲ್ಲು, ಹಲವು ಜಾತಿ ಸಡಾದಲ್ಲೇ. ಅನುಮತಿಗೆ ಒಂದೂವರೆ ಮಳೆಗಾಲ ಹೋಯಿತು. ಗುಮಾಸ್ತರೊಬ್ಬರು "ಗವತಾಲಾ ಪರವಾನಗಿ?" (ಹುಲ್ಲಿಗೆ ಅನುಮತಿಯಾ?) ಅಂತ ನನ್ನನ್ನೇ ಮೇಲಿಂದ ಕೆಳಗೆ ನೋಡಿದರು.

ಮೊದಲ ವರ್ಷ ಕಾಸ್ ಮಳೆ, ಎಲೆ ಒಣಗಿಸಲು ಪೊಟ್ಟಣಕ್ಕೆ ಹಾಕುವ ತೇವ ಹೀರುವ ಸಿಲಿಕಾ ಜೆಲ್ಲನ್ನು ಸೋಲಿಸಿತು. ಬೆಳಿಗ್ಗೆ ನೀಲಿ, ಸಂಜೆಗೆ ಗುಲಾಬಿ. ಮೂವತ್ತು ಪೊಟ್ಟಣದಲ್ಲಿ ಇಪ್ಪತ್ತು ಕಪ್ಪಾದವು. ಜೆಲ್ ಒಣಗಿಸಲು ಮನೆಯ ಓವನ್‌ಗೆ ಕೈ ಹಾಕಿದೆ, ಹೆಂಡತಿ ತಡೆದಳು. ಸೆಕೆಂಡ್ ಹ್ಯಾಂಡ್ ಒಂದು ತಂದೆ, ಸಾವಿರದೆಂಟುನೂರೋ ಏನೋ.

ಎರಡನೇ ಪೆಟ್ಟು ಜೋರು. ಜಾತಿ ಹೋಲಿಸಲು ಬಳಸುವ ಐಟಿಎಸ್ ಅನ್ನುವ ಡಿಎನ್‌ಎ ತುಂಡು ಲ್ಯಾಬಿನ ಜೆಲ್ ಮೇಲೆ ಥಳಥಳ. ಅದರ ಅಕ್ಷರಸಾಲು (ಸೀಕ್ವೆನ್ಸ್) ಬಂದ ಮೇಲೆ ಬ್ಲಾಸ್ಟ್‌ನಲ್ಲಿ, ಅಂದರೆ ಗೊತ್ತಿರುವ ಸೀಕ್ವೆನ್ಸ್‌ಗಳ ಜೊತೆ, ಹೋಲಿಸಿದರೆ ಶಿಲೀಂಧ್ರ! ತೆನೆಯಲ್ಲಿ ಕಾಡಿಗೆ ರೋಗ ಇತ್ತು, ಬೇಕಾದ ತುಂಡನ್ನು ಹಿಡಿಯಲು ಎಲ್ಲರೂ ಬಳಸುವ ಪ್ರೈಮರ್ ಅದನ್ನೇ ಎತ್ತಿಕೊಂಡಿತ್ತು. ಇಪ್ಪತ್ತನಾಲ್ಕು ಸೀಕ್ವೆನ್ಸ್ ಓದು, ಹತ್ತು ಸಾವಿರದ ಹತ್ತಿರ, ನನ್ನ ಸಂಬಳದ್ದು. ಆಮೇಲೆ ಹೂ ಬರುವ ಮುಂಚಿನ ಎಳೆ ಎಲೆ ಮಾತ್ರ ಕಿತ್ತೆ. ಆದರೆ ಈ ಹುಲ್ಲಿನ ಗುರುತು ತೆನೆಯ ಹೊಟ್ಟಿನ ಕೆತ್ತನೆಯಲ್ಲಿ. ಹಾಗಾಗಿ ಗಿಡಕ್ಕೆ ಕೆಂಪು ದಾರ ಕಟ್ಟಿ, ಸೆಪ್ಟೆಂಬರಿನಲ್ಲಿ ಮತ್ತೆ ಹೋಗಿ ತೆನೆ ನೋಡಿದೆ. ಕೆಲವು ದಾರ ಎಮ್ಮೆ ಹೊಟ್ಟೆ ಸೇರಿದವು.

ಎಲೆಯಿಂದ ಡಿಎನ್‌ಎ ತೆಗೆಯಲು ಎಲ್ಲರೂ ಬಳಸುವ ರಾಸಾಯನಿಕ ಸಿಟ್ಯಾಬ್. ನಾನು ಅದಕ್ಕೂ ಮುಂಚೆ ಎಲೆಯ ಪುಡಿಯನ್ನು ಒಮ್ಮೆ ತೊಳೆಯುತ್ತೇನೆ. ತೊಳೆಯುವ ನೀರಿನಲ್ಲಿ ಏನಿದೆ ಅಂತ ಸದ್ಯಕ್ಕೆ ಕೇಳಬೇಡಿ.

ನಡುವೆ ಒಂದು ಹುಚ್ಚು. ಒಣಗಿಸಿ ಅಂಟಿಸಿಟ್ಟ ಹಳೆಯ ಗಿಡದ (ಹರ್ಬೇರಿಯಂ) ಹಾಳೆಯಿಂದ ಅಕ್ಕಿಕಾಳಿನಷ್ಟು ಚೂರು ಬೇಡಿ ತಂದೆ. ಡಿಎನ್‌ಎ ನುಚ್ಚಾಗಿತ್ತು. ಉದ್ದದ ತುಂಡು ಒಂದೂ ಏಳಲಿಲ್ಲ.

ವಯಸ್ಸು ಹಚ್ಚುವುದೇ ನಿಜವಾದ ತಲೆನೋವು. ಡಿಎನ್‌ಎ ಲೆಕ್ಕಕ್ಕೆ ವರ್ಷ ಕೊಡುವುದು ಪಳೆಯುಳಿಕೆ, ಹುಲ್ಲಿನದ್ದು ಕಮ್ಮಿ. ಇರುವುದರಲ್ಲಿ ಭಾರಿ ಸಾಕ್ಷಿ ನಮ್ಮ ಮಹಾರಾಷ್ಟ್ರದ್ದೇ. ಪಿಸ್ದುರಾದಲ್ಲಿ ಸಿಕ್ಕ ಕಲ್ಲಾದ ಡೈನೋಸಾರ್ ಲದ್ದಿಯಲ್ಲಿ ಹುಲ್ಲಿನ ಸಿಲಿಕಾ ಕಣಗಳಿದ್ದವು. 2005ರಲ್ಲಿ ಆ ಸುದ್ದಿ ಬಂದಾಗ ಹುಲ್ಲಿನ ಹುಟ್ಟೇ ಹಿಂದಕ್ಕೆ ಜರುಗಿತು. ಆ ಲದ್ದಿಯನ್ನು ಲೆಕ್ಕಕ್ಕೆ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ, ವಯಸ್ಸು ಲೆಕ್ಕ ಹಾಕುವ ಬೀಸ್ಟ್ ಸಾಫ್ಟ್‌ವೇರ್ ಓಡಿಸಿದೆ. ಹಳೆ ಲ್ಯಾಪ್‌ಟಾಪ್, ಒಂದೊಂದಕ್ಕೂ ಒಂಬತ್ತು ಹತ್ತು ದಿನ. ಒಮ್ಮೆ ಎಂಟನೇ ದಿನ ಕರೆಂಟು ಹೋಯಿತು, ಬ್ಯಾಟರಿ ಮೊದಲೇ ಸತ್ತಿತ್ತು. ಲದ್ದಿ ಸೇರಿಸಿದರೆ ಎಲ್ಲ ವಯಸ್ಸೂ ಹೆಚ್ಚುಕಮ್ಮಿ ಒಂದೂವರೆ ಪಟ್ಟು. ಮೊದಮೊದಲು ಸ್ಟೆಮ್ ವಯಸ್ಸನ್ನೇ ಸಡಾದ ವಯಸ್ಸು ಅಂತ ಬೀಗಿದ್ದೆ. ಅದು ತಪ್ಪು. ನಂಟರಿಂದ ಕುಲ ಬೇರೆಯಾಗಿದ್ದು (ಸ್ಟೆಮ್) ಒಂದು ಕಾಲ, ಸಡಾದಲ್ಲಿ ಕವಲೊಡೆದದ್ದು (ಕ್ರೌನ್) ಇನ್ನೊಂದು. ಕ್ರೌನ್ ಹಿಡಿದ ಮೇಲೇ ಲೆಕ್ಕ ಕೂಡಿತು.

ಲದ್ದಿ ಬಿಟ್ಟ ಲೆಕ್ಕದಲ್ಲಿ ಕವಲುಗಳು ಮಯೋಸೀನ್ ಯುಗದ ಕೊನೆಯ (ಸುಮಾರು 50 ಲಕ್ಷ ವರ್ಷದ ಹಿಂದೆ) ಆಸುಪಾಸಿಗೆ ಬರುತ್ತವೆ. ಎರರ್ ಬಾರ್ (ಲೆಕ್ಕ ಹೆಚ್ಚುಕಮ್ಮಿ ಆಗಬಹುದಾದ ವ್ಯಾಪ್ತಿ) ಮೇಲೆ ಎಮ್ಮೆ ಮಲಗಬಹುದು, ಅಷ್ಟು ಅಗಲ. ಆದರೂ ಅದರ ಈಚೆ ತುದಿ ಕೊಡಲಿಯ ಕಾಲದಿಂದ ಲಕ್ಷಾಂತರ ವರ್ಷ ಆಚೆಗಿದೆ. ಹಿಮಾಲಯದ ತಪ್ಪಲಿನ ಶಿವಾಲಿಕ್‌ನ ಹಳೆಯ ಮಣ್ಣಿನ ಕಾರ್ಬನ್ ಕೂಡ ಸುಮಾರು 80 ಲಕ್ಷ ವರ್ಷದ ಹಿಂದಿನಿಂದ ಸಿ4 ಹುಲ್ಲು (ಬಿಸಿಲು, ಸೆಕೆಗೆ ಹೊಂದಿದ ರೀತಿಯಲ್ಲಿ ಆಹಾರ ತಯಾರಿಸುವ ಹುಲ್ಲು) ಹರಡಿದ ಕಥೆ ಹೇಳುತ್ತದೆ. ನನ್ನದೂ ಸಿ4 ಹುಲ್ಲೇ. ಒಂದು ಕುಲ ನೋಡಿ ಇಡೀ ಸಡಾಗೆ ಜಾತಕ ಬರೆಯುವುದು ಜಾಸ್ತಿಯಾಯಿತು, ಒಪ್ಪುತ್ತೇನೆ. ಅದಕ್ಕೇ ಈಗ ಸಡಾದಲ್ಲೇ ಬೆಳೆಯುವ ಎರಿಯೊಕಾಲನ್ ಅನ್ನುವ ಇನ್ನೊಂದು ಗಿಡದ ಕುಲ ಶುರು ಮಾಡಿದ್ದೇನೆ. ಟ್ಯೂಬುಗಳು ಫ್ರೀಜರಿನಲ್ಲಿವೆ, ಸೀಕ್ವೆನ್ಸಿಂಗ್ ದುಡ್ಡು ಇನ್ನೂ ಹೊಂದಿಲ್ಲ. ನಕ್ಕಿದ್ದ ಹಿರಿಯರು ಹೋದ ವಾರ ಫೋನ್ ಮಾಡಿ ಆ ತೊಳೆಯುವ ನೀರಿನ ವಿಷಯ ಕೇಳಿದರು.