ರೆಸಿನ್ ಟೀಪಾಯಿಗೆ ನಾನು ಮರವನ್ನು ಹದಗೊಳಿಸಿದ ಬಗೆ

ಮರದ ಹಲಗೆಯನ್ನು ಅಚ್ಚಿನಲ್ಲಿಟ್ಟು, ಸುರಿದ ಮೇಲೆ ಗಟ್ಟಿಯಾಗುವ ರೆಸಿನ್ ಎಂಬ ದ್ರವವನ್ನು ಅದರ ಅಂಚಿಗೆ ಸುರಿದು ನಾನು ಮಾಡಿದ ಮೊದಲ ಟೀಪಾಯಿ ನಾಲ್ಕು ತಿಂಗಳಲ್ಲೇ ಕೆಟ್ಟಿತು. ಹಲಗೆಯ ಅಂಚಿಗೂ ರೆಸಿನ್‌ಗೂ ನಡುವೆ ಕೂದಲೆಳೆಯಷ್ಟು ಕಾಣಿಸಿಕೊಂಡ ಬಿರುಕು ಬರಬರುತ್ತ ಉಗುರು ತೂರುವಷ್ಟು ಅಗಲವಾಯಿತು. ರೆಸಿನ್ ಬೆರೆಸಿದ್ದರಲ್ಲಿ ಏನೋ ತಪ್ಪಾಗಿರಬೇಕೆಂದು ಬಹಳ ದಿನ ನಂಬಿದ್ದೆ. ಆದರೆ ಮುಟ್ಟಿದರೆ ಒಣಗಿದಂತೆಯೇ ಇದ್ದ ಆ ಹಲಗೆಯ ಒಡಲಲ್ಲಿ ಇನ್ನೂ ನೀರಿತ್ತು. ಅದು ಆರುತ್ತ ಹೋದಂತೆ ಮರ ಅಗಲದಲ್ಲಿ ಕುಗ್ಗಿತು, ಗಟ್ಟಿಯಾಗಿದ್ದ ರೆಸಿನ್ ಅದರೊಡನೆ ಕುಗ್ಗಲಿಲ್ಲ.

ಎರಡನೆಯ ಸಲ ಅಂಚಿನ ಅಂದಕ್ಕಿಂತ ಮೊದಲು ಹಲಗೆಯ ತುದಿಯನ್ನು ನೋಡಿದೆ. ಕಾಂಡದ ನಟ್ಟನಡುವಿನ ಸುಳಿ ಉಳಿದಿರುವ ಹಲಗೆ ಅಲ್ಲಿಂದಲೇ ಸೀಳುವುದು ಹೆಚ್ಚು, ಆದ್ದರಿಂದ ಅಂಥದ್ದನ್ನು ಬಿಟ್ಟೆ. ತೂತುಗಳಿಂದ ಹೊಸ ಪುಡಿ ಉದುರುತ್ತಿದ್ದ ಇನ್ನೊಂದನ್ನೂ ಬಿಟ್ಟೆ, ಏಕೆಂದರೆ ಒಳಗೆ ಹುಳು ಜೀವಂತವಾಗಿದೆ ಎಂಬುದಕ್ಕೆ ಅದೇ ಗುರುತು. ಆರಿಸಿಕೊಂಡ 2 ಅಂಗುಲ ದಪ್ಪದ ಹಲಗೆಯ ತುದಿಯಿಂದ ಒಂದು ಗೇಣು ಕತ್ತರಿಸಿ, ಹೊಸದಾಗಿ ತೆರೆದ ಮುಖದ ನಡುವೆ ತೇವಮಾಪಕದ ಮುಳ್ಳನ್ನು ಊರಿದಾಗ ಅದು ಶೇಕಡಾ 18 ತೋರಿಸಿತು. ಮೇಲ್ಮೈಯಲ್ಲಿ ಅಳೆದಿದ್ದಾಗ ಬಂದದ್ದು 11 ಮಾತ್ರ. ಒಳಗನ್ನು ಅಳೆಯದೆ ಮರ ಒಣಗಿದೆಯೆಂದು ಹೇಳಲಾಗದು ಎಂಬುದು ನನಗೆ ಅಂದೇ ಖಚಿತವಾಯಿತು.

ನೀರು ತುದಿಗಳಿಂದ ಬೇಗ ಹೊರಟರೆ ಅಲ್ಲಿ ಸೀಳು ಬಿಡುತ್ತದೆ. ಹಾಗಾಗದಂತೆ ತುದಿಗಳಿಗೆ ಬಣ್ಣ ಬಳಿದು, ನೆಲಕ್ಕೆ ತಾಗದಂತೆ ಸಮ ದಪ್ಪದ ಪಟ್ಟಿಗಳ ಮೇಲೆ ನೆರಳಿನಲ್ಲಿ ಮಲಗಿಸಿ, ತಿಂಗಳಿಗೊಮ್ಮೆ ತೂಗಿ ಬರೆದಿಟ್ಟೆ. ಗಾಳಿಯಲ್ಲಿ ಒಣಗುವ ಹಸಿ ಮರಕ್ಕೆ ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಬೇಕೆಂಬ ಸ್ಥೂಲ ಲೆಕ್ಕವಿದೆ. ನನ್ನ ಹಲಗೆ ಮೊದಲೇ ಅರ್ಧ ಆರಿದ್ದರಿಂದ ಹತ್ತು ತಿಂಗಳಲ್ಲಿ ತೂಕ ಇಳಿಯುವುದು ನಿಂತು, ಒಳಗಿನ ತೇವ ಶೇಕಡಾ 10ಕ್ಕೆ ಬಂತು.

ಅನಂತರ ತೊಗಟೆಯ ಸರದಿ. ತೊಗಟೆಯನ್ನು ಉಳಿಸಿದರೆ ಚೆಂದವೆಂದು ಅನೇಕರಿಗೆ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಆದರೆ ರೆಸಿನ್ ತೊಗಟೆಯನ್ನು ಎಷ್ಟೇ ಬಿಗಿಯಾಗಿ ಹಿಡಿದರೂ ತೊಗಟೆ ಮರವನ್ನು ಹಾಗೆ ಹಿಡಿದಿರುವುದಿಲ್ಲ. ಮೊಂಡು ಉಳಿಯಿಂದ ಎಳೆಯ ದಿಕ್ಕಿನಲ್ಲೇ ಅದನ್ನು ಎಬ್ಬಿಸಿ, ಕೆಳಗಿನ ನಾರಿನ ಪದರವನ್ನು ತಂತಿ ಬ್ರಷ್‌ನಿಂದ ತೆಗೆದು, 80ರ ಒರಟು ಮರಳು ಕಾಗದದಿಂದ ಉಜ್ಜಿ ಅಷ್ಟಕ್ಕೇ ನಿಲ್ಲಿಸಿದೆ. ಅಂಚು ತೀರ ನುಣುಪಾದರೆ ಹಿಡಿತ ಕಡಿಮೆಯಾಗುತ್ತದೆ. ತೇಗದಂತಹ ಎಣ್ಣೆಯಂಶದ ಮರವಾದರೆ ಸುರಿಯುವ ಮುನ್ನ ಎಣ್ಣೆ ಕರಗಿಸುವ ಅಸಿಟೋನ್ ದ್ರವದಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವುದು ಒಳ್ಳೆಯದು.

ಹಲಗೆಯನ್ನು ಮಟ್ಟ ಮಾಡುವಾಗ ಅದು ಬಾಗದಂತೆ ಎರಡೂ ಮುಖಗಳಿಂದ ಸಮನಾಗಿ ಮರ ತೆಗೆದೆ. ಕೊನೆಗೆ, ಮರದ ರಂಧ್ರಗಳಲ್ಲಿರುವ ಗಾಳಿ ಗುಳ್ಳೆಯಾಗಿ ಏಳದಂತೆ ಅಂಚಿಗೂ ಬಿರುಕುಗಳಿಗೂ ರೆಸಿನ್ನಿನ ತೆಳು ಲೇಪ ಕೊಟ್ಟು, ಬೆರಳಿಗೆ ಅಂಟೆನಿಸಿದರೂ ಮೆತ್ತಿಕೊಳ್ಳದ ಹದಕ್ಕೆ ಅದು ಬಂದ ಮೇಲೆಯೇ ಅಚ್ಚಿಗೆ ಸುರಿದೆ.