ಮುಯ್ಯಿ ಕವರಿಗೆ ಪಿನ್ ಹೊಡೆಯಬೇಡಿ

ಹೋದ ತಿಂಗಳು ನೆಂಟರ ಮನೆಯಲ್ಲಿ ಮದುವೆ. ರಾತ್ರಿ ಊಟ ಆದ ಮೇಲೆ ಜಮಖಾನೆ ಹಾಸಿಕೊಂಡು ಮುಯ್ಯಿ ಎಣಿಸಲು ಕೂತೆವು. ಒಬ್ಬರು ಕವರ್ ಬಿಡಿಸುವುದು, ಒಬ್ಬರು ನೋಟು ಎಣಿಸುವುದು, ನಾನು ಪುಸ್ತಕದಲ್ಲಿ ಬರೆಯುವುದು. ಮನೆಯಲ್ಲೇ ಮಾಡಿದ ಕವರುಗಳು ಸುಮಾರಿದ್ದವು. ನೋಡಿ ಖುಷಿಯಾಯಿತು. ಕೈಗೆ ತಗೊಂಡ ಮೇಲೆ ಸಿಟ್ಟು ಬಂತು. ಅರ್ಧಕ್ಕೆ ಅರ್ಧ ಸ್ಟೇಪ್ಲರ್ ಪಿನ್! ಬಿಡಿಸುತ್ತಿದ್ದ ಹುಡುಗಿಯ ಬೆರಳಿಗೆ ಚುಚ್ಚಿ ರಕ್ತ ಬಂತು. ಒಂದರಲ್ಲಿ ಐನೂರರ ನೋಟನ್ನೂ ಸೇರಿಸಿ ಹೊಡೆದಿದ್ದರು, ನೋಟು ತೂತು. ನೋಟಿನ ಕಟ್ಟಿಗೆ ಪಿನ್ ಹೊಡೆಯಬೇಡಿ ಅಂತ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೇ ಹೇಳಿ ಎಷ್ಟೋ ವರ್ಷ ಆಯಿತು. ಇನ್ನೊಂದಕ್ಕೆ ಟೇಪ್ ಸುತ್ತಿದ್ದರು. ಕಿತ್ತರೆ ಕೊಟ್ಟವರ ಹೆಸರೂ ಅದರ ಜೊತೆಗೇ ಬಂತು. ಹೆಸರು ಹೋದರೆ ನಾಳೆ ಅವರ ಮನೆ ಮದುವೆಗೆ ಎಷ್ಟು ತಿರುಗಿ ಮಾಡಬೇಕು ಅಂತ ಹೇಗೆ ಗೊತ್ತಾಗಬೇಕು?

ಕವರ್ ಮಾಡಲು ಬರದಿದ್ದರೆ ಒಂದು ಹಳೇ ಕವರ್ ಬಿಚ್ಚಿ ನೆಲದ ಮೇಲೆ ಹರಡಿ ನೋಡಿ. ಎಲ್ಲ ಅದರಲ್ಲೇ ಇದೆ. ನಮ್ಮಪ್ಪ ಶಾಲೆ ಮೇಷ್ಟ್ರು. ಬಂದ ಲಕೋಟೆಯನ್ನು ಎಸೆದವರಲ್ಲ. ಅನ್ನ ಕುದಿಯುವ ತಪ್ಪಲೆಯ ಹಬೆಗೆ ಹಿಡಿದು, ಅಂಟು ಬಿಡಿಸಿ, ಒಳಮೈ ಹೊರಗೆ ಮಾಡಿ ಮತ್ತೆ ಅಂಟಿಸುತ್ತಿದ್ದರು. ಗಾಂಧೀಜಿಯೇ ಬಂದ ಕಾಗದದ ಹಿಂಬದಿಯಲ್ಲಿ ಬರೆಯುತ್ತಿದ್ದರು, ನಮ್ಮದೇನು ಹೆಚ್ಚು ಅನ್ನುತ್ತಿದ್ದರು. ಆ ಲಕೋಟೆಗಳ ಪದರ ಬಿಚ್ಚಿ ಬಿಚ್ಚಿಯೇ ನಾನು ಕಲಿತದ್ದು.

ಹಾಳೆ ಯಾವುದಾದರೂ ಆಗಬಹುದು. ಕ್ಯಾಲೆಂಡರಿನ ನುಣುಪು ಮೈ ಮಾತ್ರ ಅಂಟು ಹಿಡಿಯುವುದಿಲ್ಲ, ಹೊಸಬರು ಅದರ ತಂಟೆಗೆ ಹೋಗಬೇಡಿ. ಮಾಮೂಲಿ ಜೆರಾಕ್ಸ್ ಹಾಳೆಯೇ ಸಾಕು. ಅಳತೆಗೆ ಸ್ಕೇಲ್ ಬೇಡ, ನೋಟನ್ನೇ ಇಟ್ಟುಕೊಳ್ಳಿ. ಈಗಿನ ಐನೂರರ ನೋಟು 15 ಸೆಂಟಿಮೀಟರ್ ಉದ್ದ. 2016ಕ್ಕೆ ಮುಂಚಿನದು ಇನ್ನೂ ಒಂದೂವರೆಗಿಂತ ಜಾಸ್ತಿ ಉದ್ದ ಇತ್ತು. ಅದಕ್ಕೇ ಹಳೇ ಅಳತೆಯ ಕವರಿನಲ್ಲಿ ಈಗಿನ ನೋಟು ಅತ್ತಿತ್ತ ಜಾರಾಡುತ್ತದೆ. ಹಾಳೆಯನ್ನು ಉದ್ದಕ್ಕೆ ಇಟ್ಟು, ನೋಟನ್ನು ಅಡ್ಡಕ್ಕೆ ನಡುವೆ ಇಡಿ. ಸುತ್ತ ಅರ್ಧ ಬೆರಳಗಲ ಬಿಟ್ಟು ಎರಡೂ ಪಕ್ಕ ಒಳಕ್ಕೆ ಮಡಿಸಿ. ಕೆಳಗಿನ ಭಾಗ ಮೇಲಕ್ಕೆ ಬರಲಿ, ಮೇಲಿನದು ಮುಚ್ಚಳ. ಮೂಲೆಗಳಲ್ಲಿ ಹಾಳೆ ಎರಡೆರಡು ಪದರ ಸೇರುವ ಕಡೆ ಓರೆಯಾಗಿ ಕತ್ತರಿಸಿ ತೆಗೆಯಿರಿ, ಇಲ್ಲದಿದ್ದರೆ ಅಲ್ಲಿ ಉಬ್ಬುತ್ತದೆ. ಮಡಿಕೆ ಮೇಲೆ ಚಮಚದ ಬೆನ್ನು ಒಂದು ಸಲ ಎಳೆಯಿರಿ. ಮಿಕ್ಕ ಪಟ್ಟಿ ಎಸೆಯಬೇಡಿ, ಕುಂಕುಮದ ಪೊಟ್ಟಣಕ್ಕೆ ಬರುತ್ತದೆ.

ಇನ್ನು ಅಂಟು. ಎಲ್ಲರೂ ಕೆಡಿಸುವುದು ಇಲ್ಲೇ. ಅಂಗಡಿ ಗೋಂದು ನೀರು ನೀರು, ಹಾಳೆ ಸುಕ್ಕಾಗುತ್ತದೆ. ಮೈದಾ ಅಂಟು ಮಾಡಿ. ನಾನು ಹೇಳುವ ಹಾಗೇ ಮಾಡಿ, ನಡುವೆ ನಿಮ್ಮ ಬುದ್ಧಿ ಸೇರಿಸಬೇಡಿ. ಎರಡು ಚಮಚ ಮೈದಾ ಜರಡಿ ಹಿಡಿಯಿರಿ. ತಣ್ಣೀರಿನಲ್ಲಿ ಕದಡಿ. ಬಿಸಿನೀರಲ್ಲ, ತಣ್ಣೀರು! ಬಿಸಿನೀರು ಬಿದ್ದ ತಕ್ಷಣ ಹಿಟ್ಟಿನ ಹೊರಮೈ ಬೆಂದು ಗಂಟಾಗುತ್ತದೆ, ಒಳಗೆ ಒಣಪುಡಿ ಹಾಗೇ ಕೂತಿರುತ್ತದೆ. ಮೊದಲು ಸ್ವಲ್ಪ ನೀರು ಹಾಕಿ ಬೆರಳಲ್ಲಿ ನುಣ್ಣಗೆ ತಿಕ್ಕಿ, ಆಮೇಲೆ ನೀರುದೋಸೆ ಹಿಟ್ಟಿನಷ್ಟು ತೆಳ್ಳಗೆ ಮಾಡಿ. ಕಡಲೆಬೇಳೆ ಗಾತ್ರದ ಪಟಿಕ ಪುಡಿ ಮಾಡಿ ಹಾಕಿ. ಕ್ಷೌರದಂಗಡಿಯಲ್ಲಿ ಕೆನ್ನೆಗೆ ಉಜ್ಜುತ್ತಾರಲ್ಲ, ಆ ಬಿಳಿ ಕಲ್ಲು. ಬೂಸಲು ಬೇಗ ಬರುವುದಿಲ್ಲ. ಕೆಲವರು ಹುಳ ಬರಬಾರದು ಅಂತ ಅಡಿಕೆ ತೋಟಕ್ಕೆ ಹೊಡೆಯುವ ಮೈಲುತುತ್ತ ಹಾಕುತ್ತಾರೆ. ಅದು ವಿಷ. ಮಕ್ಕಳು ಕವರಿನ ಅಂಚು ನೆಕ್ಕಿ ಅಂಟಿಸುವ ಮನೆಯಲ್ಲಿ ಅದನ್ನು ಮುಟ್ಟಲೇಬೇಡಿ.

ಸಣ್ಣ ಉರಿಯಲ್ಲಿಟ್ಟು ತಳ ಬಿಡದ ಹಾಗೆ ತಿರುಗಿಸುತ್ತಾ ಇರಿ. ಫೋನ್ ಬಂದರೆ ಬರಲಿ. ಮೊದಲು ಹಾಲಿನ ಹಾಗೆ ಬೆಳ್ಳಗಿರುತ್ತದೆ. ಏನೂ ಆಗುತ್ತಿಲ್ಲ ಅನ್ನಿಸುವಾಗಲೇ ಅಂಚಿನಲ್ಲಿ ಕೆನೆಯ ಹಾಗೆ ಕಟ್ಟಲು ಶುರುವಾಗುತ್ತದೆ. ಆಗ ಕೈ ಜೋರು ಮಾಡಿ. ಬಿಳಿ ಹೋಗಿ ಗಂಜಿಯ ಬಣ್ಣ ಬರಬೇಕು, ಮೇಲೆ ಹೊಳಪು ಕಾಣಬೇಕು, ಚಮಚ ಎತ್ತಿದರೆ ತೊಟ್ಟಿಕ್ಕದೆ ಎಳೆಯಾಗಿ ಇಳಿಯಬೇಕು. ಇಳಿಸಿ. ಇನ್ನೊಂಚೂರು ಗಟ್ಟಿಯಾಗಲಿ ಅಂತ ಕಾಯಬೇಡಿ, ಆರಿದ ಮೇಲೆ ತಾನಾಗಿ ಗಟ್ಟಿಯಾಗುತ್ತದೆ. ಬಿಸಿ ಇರುವಾಗಲೇ ಹಳೇ ಪಂಚೆ ಬಟ್ಟೆಯಲ್ಲಿ ಹಿಂಡಿ ಸೋಸಿ. ಪೂರ್ತಿ ಆರಿದ ಮೇಲೇ ಬಳಸಿ. ಬಿಸಿ ಅಂಟು ಹಚ್ಚಿದರೆ ಹಾಳೆ ಮೆತ್ತಗಾಗಿ ಹರಿಯುತ್ತದೆ.

ಹಿಟ್ಟು ಕದಡಿದ ಬಟ್ಟಲನ್ನೂ ತಣ್ಣೀರಲ್ಲೇ ತೊಳೆಯಿರಿ. ದೋಸೆ ಹಿಟ್ಟಿನ ಪಾತ್ರೆಗೂ ಅಷ್ಟೇ. ಬಿಸಿನೀರು ಸುರಿದು ಹಿಟ್ಟನ್ನು ಬೇಯಿಸಿ ಅಂಟಿಸಿಕೊಂಡು, ಆಮೇಲೆ ಅರ್ಧ ಗಂಟೆ ತಿಕ್ಕುವ ನಮ್ಮ ಸೊಸೆಗೆ ಎಷ್ಟು ಸಲ ಹೇಳಿದ್ದೇನೋ.

ಹಚ್ಚುವಾಗ ಪಕ್ಕದ ಎರಡು ಮಡಿಕೆಗಳ ಬೆನ್ನಿಗೆ ಮಾತ್ರ, ಅದೂ ಹೊರ ಅಂಚಿನ ಕಡೆ, ಕಿರುಬೆರಳಿನಲ್ಲಿ ಒಂದು ಗೆರೆ. ಮದುವೆ ಮನೆಯಲ್ಲಿ ನಾನು ನೋಡಿದ ಕವರುಗಳಲ್ಲಿ ಕೆಳಗಿನ ಭಾಗಕ್ಕೆಲ್ಲ ಬಳಿದುಬಿಟ್ಟಿದ್ದರು. ನೋಟು ಒಳಗೇ ಕಚ್ಚಿಕೊಂಡಿತ್ತು. ಹಚ್ಚಿದ ತಕ್ಷಣ ಒತ್ತಬೇಡಿ. ಇಪ್ಪತ್ತು ಎಣಿಸಿ. ಹಾಳೆ ಸ್ವಲ್ಪ ತೇವ ಕುಡಿದು ಒದ್ದೆ ಹೊಳಪು ಕಮ್ಮಿಯಾಗಲಿ, ಆಗ ಕೆಳಗಿನ ಭಾಗ ಮೇಲೆತ್ತಿ ಒತ್ತಿ. ಒಳಗಿನಿಂದ ಹೊರಕ್ಕೆ ಒತ್ತಬೇಕು, ಹೆಚ್ಚಾದ ಅಂಟು ಹೊರಗೆ ಬರಲಿ, ಬಟ್ಟೆಯಲ್ಲಿ ಒರೆಸಿ. ಒಳಗೆ ಒಂದು ಪೇಪರ್ ಪಟ್ಟಿ ತೂರಿಸಿಡಿ. ಚಪಾತಿ ಮಣೆ ಹೇರಿ, ಅದರ ಮೇಲೆ ಅಕ್ಕಿ ಡಬ್ಬ ಇಟ್ಟು ಒಂದು ರಾತ್ರಿ ಬಿಡಿ. ಬೇಗ ಒಣಗಲಿ ಅಂತ ಬಿಸಿಲಿಗೆ ಇಟ್ಟರೆ ಹಪ್ಪಳದ ಹಾಗೆ ಸುರುಳಿ ಸುತ್ತುತ್ತದೆ.

ಹೆಸರು, ಊರು ಕವರಿನ ಮುಂದೆ ಬರೆಯಿರಿ. ಮುಚ್ಚಳದ ಹತ್ತಿರ ಬೇಡ, ಒಡೆಯುವಾಗ ಹರಿಯುವುದೇ ಅದು. ಒಳಗೊಂದು ಚೀಟಿಯಲ್ಲೂ ಬರೆದಿಟ್ಟರೆ ಎಣಿಸುವವರು ಹರಸುತ್ತಾರೆ. ಮುಚ್ಚಳಕ್ಕೆ ಮೈದಾ ಅಂಟೂ ಬೇಡ. ಬಿಸಿ ಅನ್ನದ ಒಂದು ಅಗುಳು ಸಾಕು, ನಡುವೆ ಇಟ್ಟು ಹೆಬ್ಬೆರಳಲ್ಲಿ ಒತ್ತಿ. ಮಂಟಪದವರೆಗೆ ಬಿಚ್ಚುವುದಿಲ್ಲ, ಎಣಿಸುವವರ ಉಗುರಿಗೆ ಸಲೀಸಾಗಿ ಬಿಡುತ್ತದೆ. ತುಪ್ಪ, ಸಾರು ತಾಗಿದ ಅನ್ನ ಆಗದು, ಕಲೆ ಕೂರುತ್ತದೆ.

ಇದೇ ಕವರ್ ಅಂಚೆಗೂ ಆಗುತ್ತದೆ. ಆದರೆ ನೋಟು ಹಾಕಿ ಕಳಿಸಬೇಡಿ, ಅದಕ್ಕೆ ಮನಿ ಆರ್ಡರ್ ಇದೆ. ಪತ್ರವಾದರೆ 80 ಜಿಎಸ್‌ಎಂನ, ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ, ಒಂದು ಎ4 ಹಾಳೆ 5 ಗ್ರಾಂ ತೂಗುತ್ತದೆ. ಕವರೂ ಸೇರಿ ಮಾಮೂಲಿ ಅಂಚೆ ದರದ ಮಿತಿಯಾದ 20 ಗ್ರಾಂ ದಾಟದ ಹಾಗೆ ಒಳಗೆ ಎರಡೇ ಹಾಳೆ ಇಡಿ.

ಮಿಕ್ಕ ಅಂಟನ್ನು ಮುಚ್ಚಿ ಫ್ರಿಜ್ಜಿನಲ್ಲಿಡಿ, ಡಬ್ಬದ ಮೇಲೆ ಅಂಟು ಅಂತ ಬರೆದು. ನಾಲ್ಕು ದಿನ ಇರುತ್ತದೆ. ಹುಳಿ ವಾಸನೆ ಬಂದರೆ ಚೆಲ್ಲಿ, ಹೊಸದು ಮಾಡಿ.