ಸ್ಟ್ರಿಂಗ್ ಕ್ವಾರ್ಟೆಟ್ ಜೊತೆ ಜಾಝ್ ಸ್ಯಾಕ್ಸೋಫೋನ್: ಕಾರವಾರದ ಹವೆಗೆ ತಕ್ಕ ತಯಾರಿ

ಸ್ಟ್ರಿಂಗ್ ಕ್ವಾರ್ಟೆಟ್ ಎಂದರೆ ಎರಡು ಪಿಟೀಲು, ಒಂದು ವಿಯೋಲಾ (ತುಸು ದೊಡ್ಡ, ತಗ್ಗು ದನಿಯ ಪಿಟೀಲು), ಒಂದು ಚೆಲ್ಲೋ (ಕೂತು ನುಡಿಸುವ ಇನ್ನೂ ದೊಡ್ಡದು). ಮೊದಲು ಸ್ಕೇಲ್ (ಹಾಡಿನ ಸ್ವರಶ್ರೇಣಿ) ಆರಿಸಿ. ಆಲ್ಟೋ ಸ್ಯಾಕ್ಸ್ ಈ-ಫ್ಲ್ಯಾಟ್ ವಾದ್ಯ: ಅದರ ಹಾಳೆಯಲ್ಲಿ 'ಸಿ' ಎಂದಿದ್ದರೆ ಕೇಳುವುದು ಈ-ಫ್ಲ್ಯಾಟ್. ಪಿಟೀಲಿನವರು ಡಿ ಮೇಜರ್ ಹಿಡಿದರೆ ಸ್ಯಾಕ್ಸ್ ಹಾಳೆಯಲ್ಲಿ ಅದು ಐದು ಶಾರ್ಪ್‌ಗಳ (ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಗುರುತು; ಇಳಿಸುವುದು ಫ್ಲ್ಯಾಟ್) ಬಿ ಮೇಜರ್. ಎಫ್ ಮೇಜರ್ ಆದರೆ ಅವರಿಗೆ ಒಂದು ಫ್ಲ್ಯಾಟ್, ಇವರಿಗೆ ಎರಡು ಶಾರ್ಪ್, ಇಬ್ಬರಿಗೂ ಹಗುರ.

ಮಳೆಗಾಲದ ತೇವಕ್ಕೆ ಪಿಟೀಲಿನ ಬಿರಡೆ ಉಬ್ಬಿ ಬಿಗಿಯುತ್ತದೆ; ಎಸಿ ಹಾಲ್‌ನಲ್ಲಿ ಅದೇ ಬಿರಡೆ ಒಣಗಿ ಜಾರುತ್ತದೆ, ತಂತಿಯ ಶ್ರುತಿ ಇಳಿಯುತ್ತದೆ. ಸ್ಯಾಕ್ಸ್‌ನ ಶ್ರುತಿ ಮಾತ್ರ ಊದಿ ಬಿಸಿಯಾದಂತೆ ಏರುತ್ತದೆ. ಹಾಗಾಗಿ ಅರ್ಧ ಗಂಟೆ ಮೊದಲೇ ಎಲ್ಲ ವಾದ್ಯಗಳೂ ಹಾಲ್‌ನೊಳಗಿರಲಿ. ಹತ್ತು ನಿಮಿಷ ಊದಿದ ಮೇಲೆಯೇ 440 ಹರ್ಟ್ಸ್‌ನ 'ಎ'ಗೆ ಹೊಂದಿಸಿ. ಆಲ್ಟೋದಲ್ಲಿ ಅದು ಎಫ್-ಶಾರ್ಪ್. ಏರಿದ್ದರೆ ಮೌತ್‌ಪೀಸನ್ನು ಕಾರ್ಕ್ ಮೇಲೆ ಒಂದೆರಡು ಮಿಲಿಮೀಟರ್ ಹೊರಗೆಳೆಯಿರಿ.

ಹೆಚ್ಚು ಕೆಡುವುದು ಸ್ಯಾಕ್ಸ್‌ನ ಸೋಲೋದಲ್ಲಿ (ಸ್ಯಾಕ್ಸ್ ಮುಂದಾಗಿ ನುಡಿಯುವ ಭಾಗ). ಆಲ್ಟೋ, ಎರಡನೇ ಪಿಟೀಲು, ವಿಯೋಲಾ ಬಹುಪಾಲು ಒಂದೇ ಎತ್ತರದಲ್ಲಿ ನುಡಿಯುವುದರಿಂದ ಎಲ್ಲ ಕಲಸಿಹೋಗುತ್ತದೆ. ಚೆಲ್ಲೋಗೆ ಬೆರಳಲ್ಲಿ ಮೀಟುವ ಬೇಸ್ ಕೊಡಿ, ವಿಯೋಲಾಗೆ ಕೆಳಗಿನ ಉದ್ದ ಸ್ವರ ಸಾಕು. ಮೊದಲ ಪಿಟೀಲು ಸ್ಯಾಕ್ಸ್ ಉಸಿರೆಳೆಯುವ ಜಾಗದಲ್ಲಷ್ಟೇ ಉತ್ತರಿಸಲಿ.

ಸ್ವಿಂಗ್‌ಗೆ (ಜಾಝ್‌ನ ತೂಗುವ ಲಯ) ಕಮಾನಿನ ಗುರುತು ಬರೆಯಲೇಬೇಕು: ಬೀಟ್‌ನ ದ್ವಿತೀಯಾರ್ಧದ ಸ್ವರವನ್ನು ಮುಂದಿನ ಬೀಟ್‌ಗೆ ಒಂದೇ ಕಮಾನಿನಲ್ಲಿ ಸೇರಿಸಿ. ಬರೆಯದಿದ್ದರೆ ನಾಲ್ವರದೂ ನಾಲ್ಕು ದಾರಿ.

ನುಡಿಸಿದ ಮೇಲೆ ಸ್ಯಾಕ್ಸ್ ಒಳಗನ್ನು ಬಟ್ಟೆಯಿಂದ ಒರೆಸಿ, ಪೆಟ್ಟಿಗೆಯಲ್ಲಿಡಿ. ಕಡಲ ಉಪ್ಪುಗಾಳಿಗೆ ಕೀಗಳ ಉಕ್ಕಿನ ಸೂಜಿ-ಸ್ಪ್ರಿಂಗ್ ಬೇಗ ತುಕ್ಕು ಹಿಡಿಯುತ್ತದೆ.